ಕೆಮ್ಮಣ್ಣಿನಲ್ಲಿ ಬಿರಿದ ಸೀಸ

ಸೊರಬದಲ್ಲಿ ನಮ್ಮ ಪಕ್ಕದ ಮನೆಯವರು ಲೇತ್ ಕೆಲಸ ಬಿಟ್ಟ ಮೇಲೆ, ತಮ್ಮ ಏರ್‌ಗನ್ನಿಗೆ ಮನೆಯಲ್ಲೇ ಗುಂಡು ಒತ್ತುತ್ತಿದ್ದರು. ಸೀಸದ ಚೂರನ್ನು ಅಚ್ಚಿಗೆ ಹಾಕಿ ಹಿಡಿ ಎಳೆದರೆ, ಮೂತಿಯಲ್ಲಿ ಕುಳಿಯಿದ್ದ ಪುಟ್ಟ ಗುಂಡು ಬೀಳುತ್ತಿತ್ತು. ಅದನ್ನು ಗಾಜಿನ ಮೇಲೆ ಉರುಳಿಸಿ, ಸಮನಾಗಿ ಉರುಳುತ್ತದೆಯೇ ಎಂದು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಆಮೇಲೆ ಹಸಿ ಕೆಮ್ಮಣ್ಣಿನ ಮುದ್ದೆಗೆ ಹೊಡೆದು, ತಂತಿಯಿಂದ ಸೀಳಿ, ಗುಂಡು ಹೇಗೆ ಬಿರಿದಿದೆ ಎಂದು ನೋಡುತ್ತಿದ್ದರು.

"ಮಣ್ಣು ಸುಳ್ಳು ಹೇಳಲ್ಲ ಕಣ್ರೀ," ಅನ್ನುತ್ತಿದ್ದರು.

ಒಂದು ಸಂಜೆ ಸೀಳಿದ ಮಣ್ಣಿನಲ್ಲಿ ಗುಂಡು ಎಸಳೆಸಳಾಗಿ, ಒಂದೇ ಅಳತೆಗೆ ಬಿರಿದು ಕೂತಿತ್ತು. ಹೂ ಅರಳಿಸಲು ದೇವರಿಗೂ ಒಂದು ರಾತ್ರಿ ಬೇಕು. ಇವರಿಗೆ ರೆಪ್ಪೆ ಬಡಿಯುವಷ್ಟು ಹೊತ್ತು ಸಾಕಾಗಿತ್ತು.

ನೋಡಲು ಬಂದಿದ್ದ ಶಿಕಾರಿಪುರದ ಜಮೀನುದಾರರು, "ನನಗೊಂದು ಡಬ್ಬಿ ಕೊಡ್ರಿ. ಮೆಕ್ಕೆಜೋಳಕ್ಕೆ ಬರೋ ಮಂಗಗಳಿಗೆ ಇದೇ ಸರಿ," ಎಂದರು.

ಪಕ್ಕದ ಮನೆಯವರು ಸೀಳಿದ ಮುದ್ದೆಯ ಎರಡು ಹೋಳನ್ನೂ ಮತ್ತೆ ಜೋಡಿಸಿ ಮುಂದೆ ಹಿಡಿದರು. ಹೊರಗೆ ಮೆಣಸಿನ ಕಾಳಿನಷ್ಟು ತೂತು.

"ಬೆರಳು ಹಾಕಿ ನೋಡ್ರೀ."

ಜಮೀನುದಾರರು ಕಿರುಬೆರಳನ್ನು ಒತ್ತಿ ತೂರಿಸಿದರು. ಒಳಗೆ ಅದು ಸಲೀಸಾಗಿ ಸುತ್ತ ತಿರುಗಿತು. ತಟ್ಟನೆ ಹೊರಗೆಳೆದುಕೊಂಡರು.

ಆಮೇಲೆ ಡಬ್ಬಿಯ ಮಾತು ಬರಲಿಲ್ಲ. ಸುಮ್ಮನೆ ಬೆರಳು ಒರೆಸಿಕೊಳ್ಳುತ್ತಲೇ ಇದ್ದರು. ಒರೆಸಿದಷ್ಟೂ ಅವರ ಬಿಳಿ ಪಂಚೆ ಕೆಂಪಾಗುತ್ತಿತ್ತು.