ಬೇವು ಹಚ್ಚಿದ ಬೆರಳು

ಇವತ್ತು ಬೆಳಗ್ಗೆ ಅಂಗಿಯ ಗುಂಡಿ ಕಿತ್ತುಬಂತು. ಸೂಜಿಗೆ ದಾರ ಪೋಣಿಸಿ ತುದಿಗೆ ಗಂಟು ಹಾಕಲು ಹೊರಟರೆ, ಬೆರಳು ತುಟಿಯ ಹತ್ತಿರ ಹೋಗಿ ತಾನಾಗಿಯೇ ನಿಂತುಬಿಟ್ಟಿತು. ನಗಬೇಡಿ, ಇದಕ್ಕೊಂದು ಕಥೆಯಿದೆ.

ರೇಷ್ಮೆ ಸೀಮೆಯ ವಿಜಯಪುರದ ನಮ್ಮ ಮನೆಯಲ್ಲಿ ರೇಷ್ಮೆ ಎಳೆಗಳನ್ನು ಹೊಸೆದು ಹುರಿ ಹಾಕುವ ಕೆಲಸ. ಬೀದಿಯೆಲ್ಲ ಗೂಡು ಬೇಯಿಸುವ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಹಸಿವಾಗುವ ವಾಸನೆ. ಎಳೆ ಕಡಿದಾಗ ಬೆರಳ ತುದಿಯನ್ನು ನಾಲಗೆಗೆ ಮುಟ್ಟಿಸಿ ಗಂಟು ಹಾಕುವುದನ್ನು ನಾನು ಅಕ್ಷರಕ್ಕಿಂತ ಮೊದಲೇ ಕಲಿತೆ. ಆ ಮನೆಯಿಂದ ಡಾಕ್ಟರಾದವನು, ಡಾಕ್ಟರೇನು, ಮೆಟ್ರಿಕ್ ದಾಟಿದವನೇ ನಾನೊಬ್ಬ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಶಸ್ತ್ರಚಿಕಿತ್ಸೆಯ ಉನ್ನತ ತರಬೇತಿಗೆ ಮದರಾಸಿಗೆ ಕಳಿಸಲು ಒಬ್ಬನನ್ನೇ ಆರಿಸುವ ಸಂದರ್ಶನ. ಮಿಕ್ಕವರೆಲ್ಲ ವಕೀಲರ, ಅಮಲ್ದಾರರ ಮಕ್ಕಳು. ಪುಸ್ತಕದ ಪ್ರಶ್ನೆಗೆ ನಾನು ಹೆದರಲಿಲ್ಲ. ಆದರೆ ಅಲ್ಲಿ ಗಂಟು ಹಾಕಿಸಿ ನೋಡುತ್ತಾರೆ ಎಂದು ಗೆಳೆಯನೊಬ್ಬ ಹೇಳಿದ. ತೊಳೆದ ಕೈಯನ್ನು ಬಾಯಿಗಿಡುವವನನ್ನು ಆಪರೇಷನ್ ಕೋಣೆಯ ಬಾಗಿಲಿಗೂ ಸೇರಿಸುವುದಿಲ್ಲವಲ್ಲ.

ರಜೆಗೆ ಬಂದವನು ಕಂಬಕ್ಕೆ ದಾರ ಕಟ್ಟಿಕೊಂಡು ಅಭ್ಯಾಸಕ್ಕೆ ಕುಳಿತೆ. ಗಂಟು ಚೆನ್ನಾಗಿಯೇ ಬೀಳುತ್ತಿತ್ತು. ಆದರೆ ಪ್ರತಿ ಸಲವೂ ಬೆರಳು ನಾಲಗೆ ಮುಟ್ಟಿ ಬರುತ್ತಿತ್ತು. ಅವ್ವ ನೋಡುವಷ್ಟು ನೋಡಿ, ಬೇವಿನೆಲೆ ಅರೆದು ತಂದು ನನ್ನ ಬೆರಳುಗಳಿಗೆ ಮೆತ್ತಿದಳು.

"ಮೊಲೆ ಬಿಡ್ಸೋವಾಗ ನಾನು ಹಚ್ಕೊಂಡಿದ್ದೆ. ಈಗ ನಿಂಗೇ ಹಚ್ಚೋ ಹಂಗಾಯ್ತಲ್ಲೋ, ಡಾಕ್ಟ್ರಪ್ಪ."

"ಆಗ ಬೇಗ ಬಿಟ್ನೇನವ್ವ?"

"ನೀನೆಲ್ಲಿ ಬಿಟ್ಟೆ? ಬೇವನ್ನೇ ಚಪ್ಪರಿಸ್ಬಿಟ್ಟೆ."

ಈ ಸಲ ಬಿಡಲೇಬೇಕಿತ್ತು. ಊಟಕ್ಕೆ ಕುಳಿತರೆ ಮುದ್ದೆಯೂ ಕಹಿ, ಸೊಪ್ಪಿನ ಸಾರೂ ಕಹಿ. ಅಪ್ಪ ತನ್ನ ತಟ್ಟೆಯಲ್ಲೇ ನಗು ಬಚ್ಚಿಟ್ಟುಕೊಂಡು ಉಣ್ಣುತ್ತಿದ್ದ.

ಸಂದರ್ಶನದಲ್ಲಿ ಹಿರಿಯ ಡಾಕ್ಟರು ಕುರ್ಚಿಯ ಕೈಗೆ ದಾರ ಸುತ್ತಿ ನನ್ನತ್ತ ತಳ್ಳಿದರು. ನನ್ನ ಕೈ ಮೇಲೆದ್ದಿತು. ಗದ್ದದ ಹತ್ತಿರ ಬರುವಷ್ಟರಲ್ಲಿ ಬಾಯಿಗೆ ಕಹಿ ಬಂತು. ಅಲ್ಲೇ ತಡೆದು, ಒಣ ಬೆರಳಲ್ಲೇ ಗಂಟು ಹಾಕಿದೆ. ಕೈ ಯಾಕೆ ನಡುವೆ ನಿಂತಿತು ಎಂದು ಅವರು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೇವನ್ನೂ ಸೇರಿಸಿ. ಅವರು ಗಂಟನ್ನು ಜಗ್ಗಿ ನೋಡಿದರು. ಅದು ಜಾರಲಿಲ್ಲ.

ಅಷ್ಟು ಹೊತ್ತೂ ಇಂಗ್ಲಿಷಿನಲ್ಲಿದ್ದವರು ಕನ್ನಡಕ್ಕೆ ಇಳಿದರು: "ನಿಮ್ಮ ತಾಯಿ ಮದರಾಸಿಗೂ ಬರ್ತಾರೇನಪ್ಪಾ?"

ಆರಿಸಿದ್ದು ನನ್ನನ್ನೇ ಎಂದು ಆಗಲೇ ನನಗೆ ಗೊತ್ತಾಯಿತು.

ಆಮೇಲೆ ಕತ್ತರಿ ಹಿಡಿದಷ್ಟು ವರ್ಷವೂ ಬೆರಳು ತುಟಿ ಮುಟ್ಟಲಿಲ್ಲ. ಈಗ ನಿವೃತ್ತ. ಬೇಡವೆನ್ನುವವರು ಯಾರೂ ಇಲ್ಲ, ಅವ್ವನೂ ಇಲ್ಲ. ಇವತ್ತು ಬೆಳಗ್ಗೆ ಆ ದಾರದ ತುದಿಯನ್ನು ಮತ್ತೆ ಕೈಗೆತ್ತಿಕೊಂಡೆ. ಕೊನೆಗೆ ಬೆರಳನ್ನು ನಾಲಗೆಗೆ ಮುಟ್ಟಿಸಿಯೇಬಿಟ್ಟೆ.

ಕಹಿ ಇರಲಿಲ್ಲ. ಇನ್ನೊಮ್ಮೆ ಮುಟ್ಟಿಸಿ ನೋಡಿದೆ.