ಬಣ್ಣ ತುಂಬದ ಹದಿನೆಂಟು ತುಂಡುಗಳು

ಆ ಕಾಗದ ಕಳೆದಿರಲಿಲ್ಲ. ಕಳೆದುಹೋಯಿತೆಂದು ನಾನು ಹೇಳಿದ ದಿನ ಅದು ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, ಇದನ್ನು ಬರೆಯುವಾಗ, ನನ್ನ ಎದುರಿಗೇ ಇದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ಅನುಕೂಲವಾಗುವಂತೆ ಹೇಳಿಬಿಡುತ್ತೇನೇನೋ ಎಂಬ ಭಯ ನನಗಿದೆ.

ತೊಂಬತ್ತೊಂಬತ್ತರಲ್ಲಿ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೆ. ಕೆಲಸ ಕೊಲ್ಲಿಯ ಆಚೆ ದಡದ ಒಂದು ಸಣ್ಣ ಕಂಪನಿಯಲ್ಲಿ. ಶಾಲೆಗಳಿಗಾಗಿ ಇಂಟರ್‌ನೆಟ್ಟಿನಲ್ಲಿ ಚಲಿಸುವ ನಕ್ಷೆ ಮಾಡುತ್ತಿದ್ದೆವು. ಗುಂಡಿ ಒತ್ತಿದರೆ ಪೂರ್ವ ಕರಾವಳಿಯ ಹದಿಮೂರು ರಾಜ್ಯಗಳಿಂದ ಬಣ್ಣ ಪಶ್ಚಿಮಕ್ಕೆ ಹರಿಯುತ್ತಿತ್ತು. ಫ್ರಾನ್ಸಿನಿಂದ ಕೊಂಡ ಲೂಯಿಸಿಯಾನಾ, ಸ್ಪೇನ್ ಬಿಟ್ಟುಕೊಟ್ಟ ಫ್ಲಾರಿಡಾ, ಆಮೇಲೆ ಟೆಕ್ಸಾಸ್, ಬ್ರಿಟನ್ನಿನ ಜೊತೆ ಪಾಲು ಮಾಡಿಕೊಂಡ ಆರೆಗಾನ್, ಕೊನೆಗೆ ಯುದ್ಧದಲ್ಲಿ ಸೋತ ಮೆಕ್ಸಿಕೋ ಬರೆದುಕೊಟ್ಟ ಈ ಕ್ಯಾಲಿಫೋರ್ನಿಯಾ. ಒಂದು ತುಂಡಿನ ಮೇಲೆ ಒತ್ತಿದರೆ ಅದರ ಕಾಗದ ತೆರೆದುಕೊಳ್ಳುತ್ತಿತ್ತು. ಒಪ್ಪಂದ, ಮೊಹರು, ಸಹಿಗಳು ಎಲ್ಲವೂ ಅದರಲ್ಲಿ ಕಾಣುತ್ತಿದ್ದವು. ನಮ್ಮ ತಂಡದ ನಿಯಮ ಒಂದೇ: ಕಾಗದವಿಲ್ಲದೆ ಬಣ್ಣವಿಲ್ಲ.

ಆ ನಿಯಮ ತಂದವಳು ನಾನು. ನನ್ನ ಅಪ್ಪ ಮಂಡ್ಯದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆಯುತ್ತಿದ್ದರು. ಚೆಕ್ಕುಬಂದಿ ಇಲ್ಲದ ಪತ್ರವನ್ನು ಅವರು ಮುಟ್ಟುತ್ತಿರಲಿಲ್ಲ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೇನು, ದಕ್ಷಿಣಕ್ಕೇನು ಎಂದು ನಾಲ್ಕು ದಿಕ್ಕೂ ಹೇಳಿಸಿ ಬರೆಯುವರು. ಓದು ಬಾರದವರಿಗೆ ಪೂರ್ತಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸುವರು. ಎಲ್ಲರದೂ ಮುಗಿದ ಮೇಲೆ ಕೆಳಗೆ ತಮ್ಮ ರುಜು ಹಾಕುವರು. ಬರೆದವನು ತಾನೇ ಬರೆದೆನೆಂದು ಒಪ್ಪಿಕೊಳ್ಳದಿದ್ದರೆ ಅದು ಬರೀ ಕಾಗದ ಎನ್ನುತ್ತಿದ್ದರು.

ರೂತ್ ನಮ್ಮಲ್ಲಿ ಬರಹ ತಿದ್ದುವ ಕೆಲಸಕ್ಕೆ ಬರುತ್ತಿದ್ದರು. ಅರವತ್ತು ದಾಟಿದವರು, ನಿವೃತ್ತ ಶಾಲಾ ಶಿಕ್ಷಕಿ. ಅವರ ಪೂರ್ವಜರು ಸಿಯೆರಾ ಬೆಟ್ಟಗಳ ತಪ್ಪಲಿನ ಮೂಲನಿವಾಸಿಗಳು. ಅವರೂ ಫ್ರೀಮಾಂಟಿನವರಾದ್ದರಿಂದ ದಿನವೂ ನನ್ನ ಕಾರಿನಲ್ಲೇ ಕೊಲ್ಲಿಯ ಮೇಲಿನ ಡಂಬಾರ್ಟನ್ ಸೇತುವೆ ದಾಟುತ್ತಿದ್ದೆವು. ಕಾರಿನಲ್ಲಿ ಇಬ್ಬರಿದ್ದರೆ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದಿತ್ತು, ಅರ್ಧ ಗಂಟೆ ಉಳಿಯುತ್ತಿತ್ತು. "ನಿನಗೆ ಪ್ರೀತಿ ಇರುವುದು ನನ್ನ ಮೇಲಲ್ಲ, ಎಡಗಡೆಯ ಲೇನಿನ ಮೇಲೆ" ಎಂದು ಛೇಡಿಸುತ್ತಿದ್ದರು.

ಒಂದು ಬೆಳಿಗ್ಗೆ ಸೇತುವೆಯ ಮೇಲೆ ಅವರು ಕೇಳಿದರು, ನಿನ್ನ ನಕ್ಷೆಯಲ್ಲಿ ಹದಿನೆಂಟು ತುಂಡುಗಳು ಎಲ್ಲಿ?

ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. ಕ್ಯಾಲಿಫೋರ್ನಿಯಾ ಕೈಸೇರಿದ ಕೆಲವೇ ವರ್ಷಗಳಲ್ಲಿ ಅಮೆರಿಕ ಸರ್ಕಾರದ ಅಧಿಕಾರಿಗಳು ಬಂದು ಇಲ್ಲಿಯ ಮೂಲನಿವಾಸಿಗಳೊಂದಿಗೆ ಹದಿನೆಂಟು ಒಪ್ಪಂದ ಮಾಡಿಕೊಂಡರು. ಉಳಿದ ನೆಲ ಬಿಟ್ಟುಕೊಡಿ, ಇಷ್ಟು ನೆಲ ನಿಮಗೆ. ನಾಯಕರು ರುಜುವಿನ ಬದಲು ಗೀಟು ಹಾಕಿ ಒಪ್ಪಿದರು. ಸೆನೆಟ್ ಬಾಗಿಲು ಮುಚ್ಚಿ ಕೂತು ಆ ಒಪ್ಪಂದಗಳನ್ನು ತಿರಸ್ಕರಿಸಿತು. ಕಾಗದಗಳನ್ನು ಗುಟ್ಟಾಗಿ ಇಡಿಸಿತು, ಐವತ್ತಕ್ಕೂ ಹೆಚ್ಚು ವರ್ಷ. ಗೀಟು ಹಾಕಿದವರಿಗೆ ಯಾರೂ ತಿಳಿಸಲಿಲ್ಲ. ಅವರು ಕೊಟ್ಟ ಮಾತಿಗೆ ಕಟ್ಟುಬಿದ್ದು ಕಾಯುತ್ತಿದ್ದರು.

"ಫ್ರಾನ್ಸಿನ ಜೊತೆ ಮಾಡಿಕೊಂಡರೆ ಒಪ್ಪಂದ. ನಮ್ಮ ಜೊತೆ ಮಾಡಿಕೊಂಡರೆ?" ಎಂದರು. ದನಿ ಏರಿಸಲಿಲ್ಲ.

ನಾನು ನನ್ನ ನಿಯಮ ಹೇಳಿದೆ. ಒಪ್ಪಂದಗಳ ಪ್ರತಿ ಗ್ರಂಥಾಲಯದಲ್ಲಿ ಸಿಗುತ್ತದೆ, ಗಡಿ ಗುರುತಿಸುತ್ತೇನೆ. ಆ ನೆಲದಲ್ಲಿದ್ದವರ ಕಡೆಯ ಒಂದು ಕಾಗದವಿದ್ದರೆ ಇನ್ನೂ ಚೆನ್ನ... ಕೇಳಿದವಳು ನಾನು. ಇದನ್ನು ಮರೆಯಬಾರದು.

ಎರಡು ದಿನ ಬಿಟ್ಟು ತಂದುಕೊಟ್ಟರು. ಹಿಟ್ಟಿನ ಚೀಲ ಬಿಚ್ಚಿ ಕತ್ತರಿಸಿದ ಕಂದು ಕಾಗದ, ಅದರ ಮೇಲೆ ಪೆನ್ಸಿಲ್ ಬರಹ. ರೂತ್ ಅವರ ಅಜ್ಜಿ ಹೇಳಿದ್ದನ್ನು ಅವರ ತಾಯಿ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಬರೆದುಕೊಂಡದ್ದು. ಅಜ್ಜಿಯ ತಾತನ ಹೆಸರು, ಅವರ ಹೆಂಡತಿ ಮಕ್ಕಳ ಹೆಸರುಗಳು, ಅವರು ಗೀಟು ಹಾಕಿದ ಜಾಗ. ಕೆಳಗೆ ಅವರ ಊರು: ಮೂಡಲಿಗೆ ಇಬ್ಭಾಗವಾದ ಬಂಡೆ. ಬಡಗಲಿಗೆ ನದಿ. ಪಡುವಲಿಗೆ ಓಕ್ ಮರಗಳ ಸಾಲು. ತೆಂಕಲಿಗೆ ಭಾವಮೈದುನನ ಜನ.

ಆ ನಾಲ್ಕು ಸಾಲು ಮತ್ತೊಮ್ಮೆ ಓದಿದೆ. ಚೆಕ್ಕುಬಂದಿ. ಅಪ್ಪನ ಪತ್ರಗಳಲ್ಲಿದ್ದ ಹಾಗೆಯೇ. ಅದು ಎಂಥ ಕಾಗದವೆಂದು ಆ ಕಟ್ಟಡದಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಾನು ತಿಳಿಯದೆ ತಪ್ಪು ಮಾಡಲಿಲ್ಲ.

ನಕ್ಷೆಯಲ್ಲಿ ಹದಿನೆಂಟು ತುಂಡುಗಳನ್ನು ಬಿಡಿಸಿದೆ. ಅವಕ್ಕೆ ಗೇರುಕೆಂಪು ಬಣ್ಣ ಆರಿಸಿದ್ದು ರೂತ್. ಕಾಗದವನ್ನು ಸ್ಕ್ಯಾನ್ ಮಾಡಿ ಅವರ ಊರಿನ ತುಂಡಿಗೆ ಜೋಡಿಸಿದೆ. ಅವರು ನನ್ನ ಕುರ್ಚಿಯ ಹಿಂದೆ ನಿಂತು ಗುಂಡಿ ಒತ್ತಿಸಿದರು, ಮತ್ತೊಮ್ಮೆ ಒತ್ತಿಸಿದರು. ಮೂರನೆಯ ಸಲ ತಾವೇ ಒತ್ತಿದರು.

ಮುಂದಿನ ವಾರ ನಮ್ಮ ಮ್ಯಾನೇಜರ್ ಶ್ರೀಧರ್ ಕರೆದರು. ಹಾಸನದವರು, ಒಳ್ಳೆಯವರೇ. ನಕ್ಷೆ ಕೊಳ್ಳಬೇಕಾಗಿದ್ದ ಹೊರರಾಜ್ಯದ ಶಾಲೆಗಳವರು ಆ ಗೇರುಕೆಂಪು ನೋಡಿ ಹಿಂದೆ ಮುಂದೆ ನೋಡುತ್ತಿದ್ದರಂತೆ. ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಹೇಳಿದರು:

"ನೋಡಿ ಶಾರದಾ ಅವ್ರೇ, ನಾವು ಈ ದೇಶದಲ್ಲಿ ಬಾಡಿಗೆಗಿರೋರು. ಮನೆ ಯಾರ್ದು ಅಂತ ಕೇಳೋಕ್ಕೆ ಹೋಗ್ಬಾರ್ದು. ಆ ಲೇಯರ್ ತೆಗೆದ್ಬಿಡಿ. ಆಯಮ್ಮ ಕೇಳಿದ್ರೆ ಫೈಲು ಕರಪ್ಟ್ ಆಯ್ತು ಅನ್ನಿ. ನಿಮ್ ಗ್ರೀನ್‌ಕಾರ್ಡ್ ಪೇಪರ್ಸ್ ಬೇರೆ ಈ ತಿಂಗ್ಳು ಕಂಪನಿಯಿಂದ ಹೋಗ್ಬೇಕು."

ಬೆದರಿಸಲು ಹೇಳಿದ್ದೋ, ನೆನಪಿಸಲು ಹೇಳಿದ್ದೋ... ನಾನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು. ಮೇಜಿಗೆ ಮರಳಿ, ಹದಿನೆಂಟು ತುಂಡುಗಳನ್ನೂ ಒಟ್ಟಿಗೆ ಆರಿಸಿ ಅಳಿಸಿದೆ. ಒಂದೇ ಗುಂಡಿ ಸಾಕಾಯಿತು. ಆ ಜಾಗದಲ್ಲೂ ಕ್ಯಾಲಿಫೋರ್ನಿಯಾದ ಬಣ್ಣವೇ ಉಳಿಯಿತು, ಅಲ್ಲಿ ಯಾರೂ ಇರಲಿಲ್ಲವೆಂಬಂತೆ.

ಇಷ್ಟು ಮಾಡಿದ್ದು ಶ್ರೀಧರ್ ಹೇಳಿ. ಮುಂದಿನದು ನನ್ನ ಬುದ್ಧಿ.

ಫೈಲು ಕೆಟ್ಟಿತು ಎಂದರೆ ರೂತ್ ಸುಮ್ಮನಾಗುವವರಲ್ಲ. ಕಾಗದ ಇದೆಯಲ್ಲ, ಇನ್ನೊಮ್ಮೆ ಮಾಡೋಣ ಎನ್ನುತ್ತಾರೆ. ಆದ್ದರಿಂದ ಕಾಗದವೂ ಇರಬಾರದಿತ್ತು. ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ, ಕಣ್ಣು ರಸ್ತೆಯಿಂದ ತೆಗೆಯದೆ, ಹೇಳಿದೆ: ಫೈಲು ಕೆಟ್ಟಿದೆ, ಮತ್ತೆ ಸ್ಕ್ಯಾನ್ ಮಾಡಿಸಲು ಹೊರಗೆ ಕಳಿಸಿದ ಪೆಟ್ಟಿಗೆ ಕಳೆದುಹೋಗಿದೆ, ನಿಮ್ಮ ಕಾಗದ ಅದರಲ್ಲಿತ್ತು.

ಹೇಳುತ್ತಲೇ ನನಗೆ ಅಳು ಬಂತು. ಭಯಕ್ಕೆ ಬಂದದ್ದು. ಸಿಕ್ಕಿಬೀಳುವ ಭಯ. ಅವರು ಅದನ್ನು ಬೇರೆಯೇ ಅಂದುಕೊಂಡರು. ನನ್ನ ತೋಳಿನ ಮೇಲೆ ಕೈಯಿಟ್ಟರು.

"ಅಳಬೇಡ ಮಗು. ಕಾಗದ ಕಳೆಯುವುದು ನಮ್ಮ ಮನೆತನಕ್ಕೆ ಹೊಸದಲ್ಲ."

ಅಂದೇ ಹೇಳಬಹುದಿತ್ತು. ಡ್ರಾಯರ್ ಎಳೆದು, ಸಿಕ್ಕಿತು ಎಂದು ಇನ್ನೊಂದು ಸುಳ್ಳನ್ನಾದರೂ ಹೇಳಬಹುದಿತ್ತು. ಹತ್ತು ದಿನ ಕಳೆದಿರಬೇಕು. ರೂತ್ ಎಂದಿನಂತೆ ಪಕ್ಕದಲ್ಲಿ ಕೂತು, ಮಾತಿನ ನಡುವೆ, ತಮ್ಮ ಬುಡಕಟ್ಟಿನ ಮಂಡಳಿಗೆ ಅರ್ಜಿ ಹಾಕಿದ್ದಾಗಿ ಹೇಳಿದರು. ಅವರ ಚಿಕ್ಕಂದಿನಲ್ಲೇ ಊರು ಬಿಟ್ಟ ಮನೆತನ. ಅವರು ಆ ಜನರಲ್ಲಿ ಒಬ್ಬರೆಂದು ಪಟ್ಟಿಗೆ ಸೇರಬೇಕಾದರೆ ದಾಖಲೆ ಬೇಕು. ಇದ್ದದ್ದು ಅದೊಂದೇ. "ಹೋಗಲಿ, ನಾನು ಯಾರೆಂದು ನನಗೆ ಗೊತ್ತಲ್ಲ" ಎಂದು ನಕ್ಕರು.

ಆಗಲೂ ನಾನು ಬಾಯಿ ಬಿಡಲಿಲ್ಲ. ಮೊದಲ ಸುಳ್ಳಿಗೆ ಹೆದರಿಕೆ ಕಾರಣವೆಂದು ಯಾರಾದರೂ ಹೇಳಿಯಾರು. ಈ ಮೌನಕ್ಕೆ ಏನು ಕಾರಣ? ನಾನು ಒಳ್ಳೆಯವಳೆಂದು ಅವರು ನಂಬಿದ್ದರು. ಆ ನಂಬಿಕೆ ನನಗೆ ಬೇಕಾಗಿತ್ತು. ಅಷ್ಟೇ.

ಒಂದೂವರೆ ವರ್ಷದಲ್ಲಿ ಕಂಪನಿ ಮುಚ್ಚಿತು. ಕಡೆಯ ದಿನ ಮೇಜು ಖಾಲಿ ಮಾಡುವಾಗ ಕಾಗದವನ್ನು ಫೈಲೊಂದರಲ್ಲಿಟ್ಟು ಮನೆಗೆ ತಂದೆ. ಅದೇ ದಿನ ರೂತ್ ಅವರನ್ನು ಅವರ ಅಪಾರ್ಟ್‌ಮೆಂಟಿನ ಮುಂದೆ ಇಳಿಸಿದೆ. ಫೈಲು ಹಿಂದಿನ ಸೀಟಿನಲ್ಲಿತ್ತು. ಆಮೇಲೆ ನಾನು ಮೂರು ಮನೆ ಬದಲಿಸಿದೆ. ಪ್ರತಿ ಸಲವೂ ಅದನ್ನು ಪಾಸ್‌ಪೋರ್ಟುಗಳ ಜೊತೆ ನಾನೇ ಕೈಯಲ್ಲಿ ಒಯ್ದೆ. ಗ್ರೀನ್‌ಕಾರ್ಡೂ ಬಂತು. ಇಂದಿಗೂ ಆ ಸೇತುವೆ ದಾಟುವಾಗ ಪಕ್ಕದ ಸೀಟಿನ ಮೇಲೆ ಚೀಲ ಇಡಲಾರೆ.

ಹೋದ ತಿಂಗಳು ಹಲ್ಲಿನ ಆಸ್ಪತ್ರೆಯಲ್ಲಿ ಕೌಂಟರಿನಲ್ಲಿದ್ದ ಹೆಂಗಸು ನನ್ನ ಹೆಸರು ಓದಿ ತಲೆಯೆತ್ತಿದಳು. ರೂತ್ ಅವರ ಮೊಮ್ಮಗಳು, ಡೀನಾ. ಅವಳು ನನ್ನನ್ನು ಕಂಡದ್ದೇ ಇಲ್ಲ. ಆದರೆ ಶಾರದಾ ಎಂಬ ಹೆಸರು ಅವರ ಮನೆಯಲ್ಲಿ ಓಡಾಡುತ್ತಿತ್ತಂತೆ. ಅಜ್ಜಿ ತೀರಿಕೊಂಡು ಒಂಬತ್ತು ವರ್ಷ. ಪಟ್ಟಿಗೆ ಹೆಸರು ಸೇರಿತೇ ಎಂದು ಕೇಳಿದೆ. ಇಲ್ಲ, ದಾಖಲೆ ಸಾಲದೆಂದು ಅರ್ಜಿ ಹಿಂತಿರುಗಿತು, ಈಗ ನಾನು ಮತ್ತೆ ಹಾಕಿದ್ದೇನೆ ಎಂದಳು. ನಂತರ, ನನಗೆ ಸಮಾಧಾನವಾಗಲೆಂದು, ಸೇರಿಸಿದಳು:

"ಆ ಕಾಗದ ಕಳೆದಾಗ ನಿಮಗೆ ತನಗಿಂತ ಹೆಚ್ಚು ದುಃಖವಾಗಿತ್ತು ಅಂತ ಅಜ್ಜಿ ಯಾವಾಗಲೂ ಹೇಳುತ್ತಿದ್ದಳು."

ಡಾಕ್ಟರಿಗೆ ಹಲ್ಲು ತೋರಿಸದೆ ಮನೆಗೆ ಬಂದೆ.

ಸೆನೆಟ್ ಐವತ್ತು ವರ್ಷ ಬಚ್ಚಿಟ್ಟಿತೆಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಸಿಟ್ಟಿನಿಂದಲೇ ಹೇಳಿದ್ದೇನೆ. ಹೇಳುವಾಗೆಲ್ಲ ಕಾಗದ ನನ್ನ ಮನೆಯಲ್ಲಿತ್ತು.

ಡೀನಾಗೆ ಫೋನ್ ಮಾಡಿ ನಾಳೆ ಬರುತ್ತೇನೆಂದಿದ್ದೇನೆ. ಒಂದು ಕಾಗದ ಕೊಡುವುದಿದೆ, ಅದಕ್ಕೂ ಮೊದಲು ನಾನು ಬರೆದದ್ದೊಂದನ್ನು ಓದಿ ಹೇಳುವುದಿದೆ ಎಂದೂ ಹೇಳಿದ್ದೇನೆ. ಅವಳು ಬಾಗಿಲು ಮುಚ್ಚಬಹುದು. ಅಂಚೆಯಲ್ಲಿ ಕಳಿಸಿದ್ದರಾಗಿತ್ತಲ್ಲ ಎಂದು ಮನಸ್ಸು ಈಗಲೂ ದಾರಿ ಹುಡುಕುತ್ತಿದೆ.

ಮಂಡಳಿಗೆ ತೋರಿಸಲು ಬೇಕಾದೀತೆಂದು ಬೇರೊಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ: ಈ ಕಾಗದ ರೂತ್ ಅವರದು. ತೊಂಬತ್ತೊಂಬತ್ತರಲ್ಲಿ ನನ್ನ ಕೈಗೆ ಕೊಟ್ಟರು. ಕಳೆದಿರಲಿಲ್ಲ, ತಿಳಿದೂ ತಿಳಿದೂ ನಾನು ಬಚ್ಚಿಟ್ಟೆ. ಅಳಿಸಿದವಳೂ ನಾನೇ. ಕೆಳಗೆ ಹೆಸರು ಬರೆದು, ರುಜುವಿನ ಜಾಗ ಖಾಲಿ ಬಿಟ್ಟಿದ್ದೇನೆ. ಓದಿ ಹೇಳುವ ಮೊದಲು ರುಜು ಹಾಕುವಂತಿಲ್ಲ.