ಎಂಬತ್ತೇಳನೆಯವರು

ಶಕುನ, ಸೂಚನೆ, ಅಂತರ್ವಾಣಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಗುವುದಷ್ಟೇ ಅಲ್ಲ, ವಾದಕ್ಕೇ ಇಳಿಯುತ್ತಿದ್ದೆ. ಈಗ ವಾದ ಬಿಟ್ಟಿದ್ದೇನೆ. ಎಲ್ಲವನ್ನೂ ನಂಬಿಬಿಟ್ಟಿದ್ದೇನೆ ಅಂತಲ್ಲ. ಯಾಕೆ ಅಂತ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ಮಾಗಡಿ ರಸ್ತೆಯ ಬದಿಯ ಒಂದು ಪಂಪ್ ಕಾರ್ಖಾನೆಗೆ ಎಚ್.ಆರ್. ಮ್ಯಾನೇಜರ್ ಆಗಿ ಸೇರಿದೆ. ಮೂಡಲಪಾಳ್ಯದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಕಾಲು ಗಂಟೆ. ಕೆಲಸಗಾರರೆಲ್ಲ ನನ್ನನ್ನು ಹೊಸ ಸೊಸೆಯನ್ನು ನೋಡುವ ಹಾಗೆ ನೋಡುತ್ತಿದ್ದರು. ಫೈಲು ತಿರುವಿದರೆ, ಬೆಂಕಿ ಬಿದ್ದಾಗ ಹೊರಗೆ ಓಡುವ ಮಾಕ್ ಡ್ರಿಲ್ ಎರಡು ವರ್ಷದಿಂದ ನಡೆದೇ ಇರಲಿಲ್ಲ. ಸೇರಿದ ಐದನೇ ದಿನ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಯಾರಿಗೂ ಹೇಳದೆ ಸೈರನ್ ಒತ್ತಿಸಿದೆ.

ಎಲ್ಲರೂ ಅಂಗಳಕ್ಕೆ ಬಂದು ಸಾಲಾಗಿ ನಿಂತರು. ಗೇಟಿನ ಸೆಕ್ಯುರಿಟಿ ನಂಜುಂಡಪ್ಪ ಹಾಜರಿ ಯಂತ್ರದಿಂದ ಆ ದಿನದ ಪಟ್ಟಿ ತೆಗೆದು ತಂದರು. ಕೊನೆಯಲ್ಲಿದ್ದ ಒಟ್ಟು ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ: ಎಂಬತ್ತೇಳು. ಅವರೂ ಬಗ್ಗಿ ನೋಡಿ, "ಹೌದು ಮೇಡಂ, ಎಂಬತ್ತೇಳು" ಅಂದರು. ಪಟ್ಟಿಗೆ ಸಹಿ ಹಾಕಿ ತಲೆ ಎಣಿಸಿದೆ. ಎಂಬತ್ತಾರು. ಮತ್ತೆ ಎಣಿಸಿದೆ. ಎಂಬತ್ತಾರೇ.

ಪ್ರೊಡಕ್ಷನ್ ಮ್ಯಾನೇಜರ್ ಶ್ರೀಧರ್‌ಗೆ ಸಿಟ್ಟು ನೆತ್ತಿಗೇರಿತ್ತು. "ಮಾಕ್ ಡ್ರಿಲ್ ತಾನೇ ಮೇಡಂ? ಮೆಷಿನ್ ನಿಂತು ಇಪ್ಪತ್ತು ನಿಮಿಷ ಆಯ್ತು. ಹೆಸರು ಕೂಗಿ ಮುಗಿಸಿಬಿಡಿ."

"ಹೆಸರು ಕೂಗ್ತಾ ಕೂತ್ರೆ ಒಳಗಿರೋರು ಬೆಂದುಹೋಗ್ತಾರೆ. ಒಬ್ಬರು ಕಮ್ಮಿ ಅಂದ್ರೆ ಮೊದ್ಲು ಹುಡುಕ್ಬೇಕು. ನಾನೇ ಹೋಗ್ತೀನಿ" ಅಂದೆ.

"ಎಣಿಸೋಕ್ ಬರಲ್ವೇನೋ, ಪಾಪ" ಎಂದು ಸಾಲಿನಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ನಿಜ ಹೇಳುತ್ತೇನೆ, ಒಳಗೊಳಗೆ ಹೆದರಿದ್ದೆ. ಯಾರೂ ಸಿಗದಿದ್ದರೆ ಐದನೇ ದಿನಕ್ಕೇ ನಗೆಪಾಟಲು. ಆದರೆ ಹಿಡಿದ ಹಟ ಬಿಡುವ ಜಾತಿಯಲ್ಲ ನಾನು.

ನಂಜುಂಡಪ್ಪ ಜೊತೆಗೆ ಬಂದರು. ಶೆಡ್ಡು, ಶೌಚಾಲಯ, ಕ್ಯಾಂಟೀನು, ಎಲ್ಲೂ ಯಾರೂ ಇಲ್ಲ. ಕೊನೆಗೆ ಹಿಂಭಾಗದ ಹಳೇ ಸ್ಟೋರ್ ರೂಮಿನ ಬಾಗಿಲು ತಳ್ಳಿದೆ. ಅಮ್ಮನವರ ಫೋಟೋ ಮುಂದೆ ದೀಪ ಉರಿಯುತ್ತಿತ್ತು. ಅದರ ಕೆಳಗೆ ವಯಸ್ಸಾದವರೊಬ್ಬರು ಬೆವರಿನಲ್ಲಿ ತೊಯ್ದು, ಎದೆ ಹಿಡಿದುಕೊಂಡು ಬಿದ್ದಿದ್ದರು. "ಅಯ್ಯೋ ಶಿವನೇ, ಸಿದ್ಲಿಂಗಣ್ಣ!" ಎಂದು ನಂಜುಂಡಪ್ಪ ಕಿರುಚಿದರು. ಶ್ರೀಧರ್ ಓಡಿಬಂದು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಅಂದರಂತೆ ಡಾಕ್ಟರು.

ಇಷ್ಟೇ ಆಗಿದ್ದರೆ ನಾನು ಬೆನ್ನು ತಟ್ಟಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಹಳೇ ಫಿಟರ್ ಆದ ಸಿದ್ಧಲಿಂಗಣ್ಣ ಆ ದಿನ ರಜೆಯಲ್ಲಿದ್ದರು. ಶುಕ್ರವಾರದ ದೀಪವನ್ನು ಮಾತ್ರ ಅವರು ರಜೆಯಲ್ಲೂ ತಪ್ಪಿಸುತ್ತಿರಲಿಲ್ಲವಂತೆ. ಹಿಂದಿನ ಗೇಟಿನಿಂದ ಬಂದು, ಹಚ್ಚಿ, ಹಾಗೇ ಹೋಗಿಬಿಡುತ್ತಿದ್ದರಂತೆ. ಹಾಜರಿ ಹಾಕಿರಲಿಲ್ಲ. ಅಂದಮೇಲೆ ಆ ಪಟ್ಟಿಯಲ್ಲಿ ಅವರು ಇರಲು ಸಾಧ್ಯವೇ ಇಲ್ಲ.

ಸಂಜೆ ಪಟ್ಟಿ ತೆಗೆದು ನೋಡಿದೆ. ಅದೇ ಹಾಳೆ, ಮೂಲೆಯಲ್ಲಿ ನನ್ನದೇ ಸಹಿ. ಕೊನೆಯಲ್ಲಿ ಇದ್ದದ್ದು ಎಂಬತ್ತಾರು. ಹೆಸರುಗಳನ್ನು ಒಂದೊಂದಾಗಿ ಎಣಿಸಿದೆ, ಎಂಬತ್ತಾರೇ. ನಂಜುಂಡಪ್ಪನವರನ್ನು ಕರೆದು ತೋರಿಸಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. "ನಾನೂ ಎಂಬತ್ತೇಳು ಅಂತ್ಲೇ ನೋಡಿದ್ದು ಮೇಡಂ, ನಮ್ಮಮ್ಮನಾಣೆ" ಅಂದರು.

ಬಿಸಿಲಿತ್ತು, ಹೊಸ ಕೆಲಸದ ಗಾಬರಿಯಿತ್ತು, ಕಣ್ಣು ತಪ್ಪಿರಬಹುದು. ನಾನು ಓದಿದ್ದನ್ನು ಕೇಳಿ ಅವರಿಗೂ ಹಾಗೇ ಕಂಡಿರಬಹುದು. ಬೇರೆಯವರು ಹೇಳಿದ್ದರೆ ನಾನೂ ಹೀಗೇ ವಾದಿಸುತ್ತಿದ್ದೆ. ಆದರೆ ಆ ಏಳು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ತಿಂಗಳಾದ ಮೇಲೆ ಸಿದ್ಧಲಿಂಗಣ್ಣನ ಹೆಂಡತಿ ಜಯಮ್ಮ ಒಂದು ಮೊಳ ಮಲ್ಲಿಗೆ ಹಿಡಿದು ನನ್ನ ಕೋಣೆಗೆ ಬಂದರು. "ಅಷ್ಟ್ ಜನದಲ್ಲಿ ನಮ್ಮನೆಯವ್ರು ಕಾಣ್ತಿಲ್ಲ ಅಂತ ನಿಮಗೊಬ್ರಿಗೇ ಗೊತ್ತಾಯ್ತಲ್ಲ ತಾಯಿ" ಎಂದು ಕೈ ಹಿಡಿದು ಅತ್ತರು. ನನಗೂ ಅಳು ಬಂತು. ಆ ದಿನದವರೆಗೆ ಅವರ ಗಂಡನ ಹೆಸರನ್ನೇ ನಾನು ಕೇಳಿರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅವತ್ತು ನಾನು ಯಾರನ್ನು ಹುಡುಕಿಕೊಂಡು ಹೋದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.